ತಟ್ಟೆ ಅಕ್ಕನ ಇಪ್ಪತ್ತೆರಡು ಮಾತು

ಬೆಳಗಿನ ಆರೂಮುಕ್ಕಾಲು. ಕಿಟಕಿಯಾಚೆ ಈಗಷ್ಟೇ ಬೆಳಕು ಹರಿಯುತ್ತಿದೆ. ಆಸ್ಪತ್ರೆಯ ಎರಡನೇ ಮಹಡಿಯ ಉದ್ದನೆಯ ವಾರ್ಡಿನಲ್ಲಿ ತಳ್ಳುಗಾಡಿಯೊಂದು ಒಂದು ಚಕ್ರ ಕಿರುಗುಟ್ಟಿಸುತ್ತ ಮಂಚದಿಂದ ಮಂಚಕ್ಕೆ ಸಾಗುತ್ತಿದೆ. ಅದನ್ನು ತಳ್ಳುತ್ತಿರುವಾಕೆ ಊಟ ಬಡಿಸುವವಳಲ್ಲ, ಉಂಡ ತಟ್ಟೆ ಎತ್ತುವವಳು. ಆದರೆ ಎತ್ತಿದ ತಟ್ಟೆಯನ್ನು ಸುಮ್ಮನೆ ಗಾಡಿಗೆ ಹಾಕುವ ಜಾಯಮಾನ ಆಕೆಯದಲ್ಲ. ಬೆಳಕಿಗೆ ಹಿಡಿದು ನೋಡುತ್ತಾಳೆ, ಚಮಚ ತಿರುಗಿಸುತ್ತಾಳೆ, ಮಂಚದ ಕಾಲಿಗೆ ನೇತುಬಿದ್ದ ಚೀಟಿಯ ಮೇಲೆ ಎರಡು ಇಂಗ್ಲಿಷ್ ಪದ ಗೀಚುತ್ತಾಳೆ.

"ಪಿಕ್ ಅಟ್," ಎನ್ನುತ್ತಾಳೆ ಆರನೇ ಮಂಚದ ಮುಂದೆ, ತನಗೆ ತಾನೇ. ಬ್ರೆಡ್ಡಿನ ಅಂಚು ಮಾತ್ರ ಚಿವುಟಿದೆ. ಏಳನೆಯದರ ಮುಂದೆ ಮುಖ ಅರಳುತ್ತದೆ. "ಪಾಲಿಶ್ ಆಫ್. ಇದನ್ನ ತೊಳೆಯೋದೇ ಬೇಡ."

ಎಲ್ಲರ ಬಾಯಲ್ಲೂ ಈಕೆ ತಟ್ಟೆ ಅಕ್ಕ. ಅರವತ್ತನಾಲ್ಕು ಮಂಚ, ಮೂರು ಹೊತ್ತು, ದಿನಕ್ಕೆ ನೂರ ತೊಂಬತ್ತೆರಡು ತಟ್ಟೆ. ಹತ್ತೊಂಬತ್ತು ವರ್ಷಗಳಿಂದ ಇದೇ ಕೆಲಸ. ಇಲ್ಲಿನ ಡಾಕ್ಟರುಗಳು, ನರ್ಸುಗಳು ಒಂದೊಂದು ಸೀಮೆಯವರಾದ್ದರಿಂದ ಚೀಟಿಯ ಭಾಷೆ ಇಂಗ್ಲಿಷು. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದಿದ್ದ ಅಕ್ಕ ಮೊದಮೊದಲು ತಿಂದರೆ ಸರಿ ಗುರುತು, ತಿನ್ನದಿದ್ದರೆ ತಪ್ಪು ಗುರುತು ಹಾಕಿ ಕೈತೊಳೆದುಕೊಳ್ಳುತ್ತಿದ್ದಳು. ಪಥ್ಯ ನೋಡುವ ಮೇಡಂ ಅದನ್ನು ನೋಡಿ ತಲೆ ಚಚ್ಚಿಕೊಂಡರಂತೆ. ತಿಂದರೋ ಇಲ್ಲವೋ ಅನ್ನುವುದಷ್ಟೇ ಸಾಲದು, ಹೇಗೆ ತಿಂದರು ಅನ್ನುವುದೂ ಗೊತ್ತಾಗಬೇಕು ಎಂದು ಪದ ಹೇಳಿಕೊಡತೊಡಗಿದರು.

ಆ ಪದಗಳೆಲ್ಲ ಈಗ ಅಕ್ಕನ ಜೇಬಿನ ಪುಟ್ಟ ಪುಸ್ತಕದಲ್ಲಿವೆ, ಎಣಿಸಿದರೆ ಇಪ್ಪತ್ತೆರಡು. ಪುಟಗಳಿಗೆ ಸೂಪಿನ ಕಲೆ ಹತ್ತಿದೆ. ಕನ್ನಡ ಅಕ್ಷರದಲ್ಲಿ ಇಂಗ್ಲಿಷ್ ಮಾತು, ಪಕ್ಕದಲ್ಲಿ ಅಕ್ಕನದೇ ಅರ್ಥ. ಥ್ರೋ ಅಪ್: ಬಕೆಟ್ ಬೇಕು. ವುಲ್ಫ್ ಡೌನ್: ಗಬಗಬ. ಕೀಪ್ ಡೌನ್: ಒಳಗೆ ನಿಂತಿದೆ, ಎರಡು ಗಂಟೆ ಕಾದು ಬರಿ.

"ತಿನ್ನೋದರಲ್ಲಿ ತೋಳ ಯಾಕೆ ಬಂತು ಮೇಡಂ ಅಂತ ಕೇಳಿದ್ದೆ," ಎಂದು ನಗುತ್ತಾಳೆ ಅಕ್ಕ. "ಹತ್ತೊಂಬತ್ತನೇ ಮಂಚದಲ್ಲಿ ಒಬ್ಬ ಲಾರಿ ಡ್ರೈವರಣ್ಣ ಇದ್ದ. ಪಥ್ಯ ಮುಗಿದ ದಿನ ಅವನು ಊಟ ಮಾಡಿದ್ದನ್ನ ನೋಡಿದ ಮೇಲೆ ಕೇಳೋದು ಬಿಟ್ಟೆ."

ಮನೆಯಲ್ಲೂ ಈ ಚಾಳಿ ತಪ್ಪಿದ್ದಲ್ಲ. ಲಿಫ್ಟ್ ರಿಪೇರಿ ಮಾಡುವ ಗಂಡ ಬೀನ್ಸನ್ನು ತಟ್ಟೆಯ ಅಂಚಿಗೆ ಸರಿಸಿದರೆ ಸಾಕು, ಅಕ್ಕ ಮೆಲ್ಲಗೆ "ಪಿಕ್ ಅಟ್" ಅನ್ನುತ್ತಾಳೆ. ಅತ್ತೆಗೆ ಇದು ಒಳ್ಳೆಯ ತಮಾಷೆ. "ಪರೀಕ್ಷೆ ಬರೆದಂಗೆ ಊಟ ಮಾಡಬೇಕು ಕಣಪ್ಪ ನಮ್ಮನೇಲಿ," ಎಂದು ಮಗನನ್ನೇ ಕಿಚಾಯಿಸುತ್ತಾರೆ.

ಇಷ್ಟೊಂದು ಕಟ್ಟುನಿಟ್ಟು ಯಾಕೆ ಎಂದರೆ ಅಕ್ಕನ ನಗು ಸ್ವಲ್ಪ ಹಿಂದೆ ಸರಿಯುತ್ತದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಹೊಸ ಬಾಣಂತಿಯೊಬ್ಬಳ ತಟ್ಟೆ ಮೂರು ದಿನವೂ ಖಾಲಿಯಾಗಿ ಬಂದಿತ್ತು. ಮೂರು ದಿನವೂ ಪಾಲಿಶ್ ಆಫ್ ಎಂದೇ ಬರೆದಳು. ನಾಲ್ಕನೇ ದಿನ ಆ ಹುಡುಗಿ ಮಗುವನ್ನೆತ್ತಿಕೊಂಡು ಹೋಗುವಾಗ ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದಳು. ಊಟವನ್ನೆಲ್ಲ ಜೊತೆಗಿದ್ದ ನಾದಿನಿಗೆ ಕೊಟ್ಟುಬಿಡುತ್ತಿದ್ದಳಂತೆ. ತಾಯಿ ಮಗು ಇಬ್ಬರೂ ಬದುಕಿಕೊಂಡರು, ಅಕ್ಕನನ್ನು ಯಾರೂ ಬೈಯಲೂ ಇಲ್ಲ. ಆದರೂ ಆ ಮಾತು ಹೇಳುವಾಗ ಆಕೆ ಕೈಯಲ್ಲಿದ್ದ ಚಮಚವನ್ನು ಮತ್ತೊಮ್ಮೆ ತಿರುಗಿಸಿ ನೋಡುತ್ತಾಳೆ.

"ರೋಗಿಗೆ ಕೊಟ್ಟ ಚಮಚ ಒಣಗೇ ಇತ್ತು. ನಾನು ತಟ್ಟೆ ನೋಡಿದ್ದೆ, ಚಮಚ ನೋಡಿರಲಿಲ್ಲ."

ಹಾಗಾಗಿಯೇ ಈ ತಿಂಗಳು ಹದಿನಾಲ್ಕನೇ ಮಂಚದ ತಾತನಿಗೆ ಆಕೆಯ ಕಣ್ಣು ತಪ್ಪಿಸಲು ಆಗಲಿಲ್ಲ. ಗಡಿಯಾರ ರಿಪೇರಿ ಮಾಡುವವರು. ಹೊಟ್ಟೆಯ ಆಪರೇಷನ್ ಆಗಿ ಹದಿನೆಂಟು ದಿನ ಕಳೆದಿತ್ತು. ಎರಡು ದಿನ ಸರಿಯಾಗಿ ತಿಂದು, ತಿಂದದ್ದು ಒಳಗೆ ನಿಂತರೆ ಮನೆಗೆ ಕಳಿಸುತ್ತೇವೆ ಎಂದು ಡಾಕ್ಟರು ಹೇಳಿದ್ದೇ ತಡ, ಅವರ ತಟ್ಟೆ ಖಾಲಿಯಾಗತೊಡಗಿತು. ಚಮಚ ಮಾತ್ರ ಒರೆಸಿಟ್ಟಷ್ಟು ಒಣಗಿತ್ತು. ಅಕ್ಕ ಪಕ್ಕದ ಡ್ರಾಯರ್ ಎಳೆದಳು. ಒಳಗೆ ಕಾಗದದಲ್ಲಿ ಸುತ್ತಿದ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ.

"ನೋಡಿಲ್ಲ ಅಂದ್ಕೊಂಡುಬಿಡಮ್ಮ," ಎಂದರು ತಾತ. "ನಮ್ಮವಳು ಮೊಣಕಾಲು ಹಿಡ್ಕೊಂಡು ದಿನಾ ಎರಡು ಬಸ್ಸು ಹತ್ತಿ ಬರ್ತಾಳೆ. ನೀನು ಎರಡು ಪದ ಬರೆದರೆ ಅವಳಿಗೆ ಆ ಕಷ್ಟ ತಪ್ಪುತ್ತೆ."

ಅಕ್ಕ ಡ್ರಾಯರ್ ಮುಚ್ಚಿದಳು. ಪೆನ್ನು ಹಿಡಿದು ಎಷ್ಟೋ ಹೊತ್ತು ನಿಂತಳು. ಕೊನೆಗೆ ಇದ್ದದ್ದನ್ನು ಇದ್ದ ಹಾಗೆಯೇ ಬರೆದಳು. ಎರಡು ದಿನ ಗಾಡಿ ಬಂದಾಗಲೆಲ್ಲ ತಾತ ಗೋಡೆಯ ಕಡೆ ತಿರುಗಿಕೊಂಡರು. ಚೀಟಿ ನೋಡಿದ ಡಾಕ್ಟರು ವಿಚಾರಿಸಿದಾಗ ತಿಳಿದದ್ದು ಇಷ್ಟು: ಊಟಕ್ಕೆ ಮುಂಚೆ ಕೊಡುತ್ತಿದ್ದ ಮಾತ್ರೆಯಿಂದ ಹೊಟ್ಟೆ ತೊಳೆಸುತ್ತಿತ್ತು, ಬಾಯಿಬಿಟ್ಟರೆ ಇನ್ನಷ್ಟು ದಿನ ಇಟ್ಟುಕೊಂಡಾರು ಎಂದು ತಾತ ಹೇಳಿರಲಿಲ್ಲ. ಮಾತ್ರೆ ಬದಲಾಯಿತು.

ಮೂರನೇ ದಿನ ಬೆಳಿಗ್ಗೆ ಗಾಡಿ ಬರುವ ಮೊದಲೇ ತಾತ ಚಮಚವನ್ನು ಕೈಯಲ್ಲಿ ಎತ್ತಿ ಹಿಡಿದಿದ್ದರು. ತುದಿಗೆ ಗಂಜಿ ಅಂಟಿತ್ತು. "ಬರಿಯಮ್ಮ, ಪಿಕ್ ಅಟ್. ಅರ್ಧನೇ ಹೋಗಿದ್ದು," ಎಂದರು. ಮರುದಿನ ಮುಕ್ಕಾಲು ಹೋಯಿತು. ಅದರ ಮರುದಿನ ಅಕ್ಕ ಗಡಿಯಾರ ನೋಡಿಕೊಂಡು, ಎರಡು ಗಂಟೆ ಕಾದು, ಕೀಪ್ ಡೌನ್ ಎಂದು ಬರೆದಳು.

ಮಂಚ ಖಾಲಿಯಾದರೆ ಅಕ್ಕನಿಗೆ ಯಾರೂ ಬಂದು ಹೇಳುವುದಿಲ್ಲ. ಅಡುಗೆಮನೆಯ ಪಟ್ಟಿಯಿಂದ ನಂಬರು ಹೋಗುತ್ತದೆ, ಅಷ್ಟೇ. ಮನೆಗೆ ಹೋದರೂ ನಂಬರು ಹೋಗುತ್ತದೆ, ಪ್ರಾಣ ಹೋದರೂ ಹೋಗುತ್ತದೆ. ಕಳೆದ ಗುರುವಾರ ನಸುಕಿನಲ್ಲಿ ಅಡುಗೆಯವರು ಪಟ್ಟಿ ಓದುತ್ತ, "ಹದಿನಾಲ್ಕಕ್ಕೆ ತಟ್ಟೆ ಬೇಡ" ಎಂದಾಗ ಅಕ್ಕನ ಕೈ ಗಾಡಿಯ ಮೇಲೆ ಹಾಗೇ ನಿಂತಿತು. ಮೆಟ್ಟಿಲು ಹತ್ತಿ ವಾರ್ಡಿಗೆ ಹೋದಳು. ಮಂಚಕ್ಕೆ ಆಗಲೇ ಹೊಸ ಹೊದಿಕೆ ಹಾಸಿತ್ತು.

"ಸಿಸ್ಟರ್, ಹದಿನಾಲ್ಕು?"

"ನಿನ್ನೆ ಸಂಜೆ ಮನೆಗೆ ಹೋದ್ರು ಅಕ್ಕ," ಎಂದಳು ನರ್ಸು. "ನಿಮಗೆ ಹೇಳಬೇಕಂತೆ, ಮನೇಲೂ ದಿನಾ ಹೆಂಡತಿಗೆ ಚಮಚ ತೋರಿಸ್ತಾರಂತೆ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಗಾಡಿ ತರಲು ಕೆಳಗಿಳಿದಳು. ಇನ್ನೂ ಅರವತ್ತಮೂರು ತಟ್ಟೆ ಬಾಕಿ ಇದ್ದವು.

ಏನಾದರೂ ಆಸೆ ಇದೆಯೇ ಎಂದರೆ ಚಮಚವೊಂದನ್ನು ಬೆಳಕಿಗೆ ಹಿಡಿದೇ ಉತ್ತರಿಸುತ್ತಾಳೆ. "ಒಂದೇ ಒಂದು ದಿನ ಅರವತ್ತನಾಲ್ಕು ಚೀಟಿ ಮೇಲೂ ಪಾಲಿಶ್ ಆಫ್ ಅಂತ ಬರೀಬೇಕು. ಚಮಚ ನೋಡೇ ಬರೀತೀನಿ, ಸುಮ್ಮನೆ ಅಲ್ಲ."