ಮಾಂಬಳ್ಳಿಯಲ್ಲಿ ನಡೆಯದೇ ಹೋದ ಸಂಗೀತೋತ್ಸವ

‘ಹಲೋ, ಹಲೋ, ಮೈಕ್ ಟೆಸ್ಟಿಂಗ್’ ಎಂದು ಶಿವಮಲ್ಲು ಎರಡನೇ ಬಾರಿ ಹೇಳುವಷ್ಟರಲ್ಲಿ ಎದುರು ಮನೆಯಿಂದ ಹೆಂಗಸೊಬ್ಬಳು ಓಡಿಬಂದು ಮೈಕಿಗೆ ಕೈ ಅಡ್ಡ ಹಿಡಿದಳು.

ಅಂಗೈ ತುಂಬ ಹಿಪ್ಪುನೇರಳೆ ಸೊಪ್ಪಿನ ಹಸಿರು. ನಾನು ಪಕ್ಕದಲ್ಲೇ ನಿಂತಿದ್ದೆ, ಕಣ್ಣಾರೆ ಕಂಡೆ. ಎರಡು ವಾರ ಕಳೆದರೂ ಇದನ್ನು ಬರೆಯಲು ಕೂತಾಗ ನನ್ನ ಕೈ ಸಲೀಸಾಗಿ ಓಡುತ್ತಿಲ್ಲ. ಆದ್ದರಿಂದ ನಿಧಾನವಾಗಿ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. (ಅವಸರವಿರುವವರು ಪಕ್ಕದ ಪುಟದ ಸಿನಿಮಾ ಜಾಹೀರಾತು ನೋಡಬಹುದು.)

ಶಿವಮಲ್ಲು ನಮ್ಮ ಕೊಳ್ಳೇಗಾಲದ ನೇಕಾರ. ಮಗ್ಗದ ಮುಂದೆ ಕೂತರೆ ತಲೆ ಎತ್ತದವನು. ಆದರೆ ಎಲ್ಲಾದರೂ ಹಾಡು ಕೇಳಿಸಿದರೆ ಲಾಳಿ ಬಿಟ್ಟು ಎದ್ದುಬಿಡುತ್ತಾನೆ. ಅವನಿಗೊಂದು ಹಟ. ಕೊಳ್ಳೇಗಾಲ, ಹನೂರು, ಯಳಂದೂರಿನ ಸುತ್ತ ಇರುವ, ರೇಡಿಯೊದವರು ಒಮ್ಮೆಯೂ ಕರೆಯದ, ಯಾವ ಸಭೆಯೂ ಶಾಲು ಹೊದಿಸದ ಹಾಡುಗಾರರನ್ನೆಲ್ಲ ಒಂದೇ ಸ್ಟೇಜಿನ ಮೇಲೆ ಕೂರಿಸಬೇಕು. ವಿದ್ವಾಂಸರು ಬೇಡ, ನಾಟಕದ ಕಂಪನಿ ಬೇಡ, ಭಾಷಣವಂತೂ ಬೇಡವೇ ಬೇಡ. ಇದಕ್ಕೆ ಯಾರು ತಾನೇ ಒಲ್ಲೆ ಎಂದಾರು? ಬಂದವರನ್ನು ಜನರಿಗೆ ಪರಿಚಯಿಸುವ ಕೆಲಸ ನನ್ನ ಪಾಲಿಗೆ ಬಂತು. ಜಾಗ ಮಾಂಬಳ್ಳಿ. ಮೂರೂ ಕಡೆಯವರಿಗೆ ಬಸ್ಸು ಸಿಗುತ್ತದಲ್ಲ!

ತಾರೀಕು ಗೊತ್ತು ಮಾಡಲು ಅವನು ಕೇಳದವರಿಲ್ಲ. ಪೊಲೀಸರ ಬಳಿ ಹೋಗಿ ಮೈಕಿಗೆ ಪರ್ಮಿಷನ್ ಕೇಳಿದ. ಮೇಷ್ಟರನ್ನು ಪರೀಕ್ಷೆ ಯಾವಾಗ ಎಂದು ಕೇಳಿದ. ಸಂತೆಯ ದಿನ ಬಿಟ್ಟ, ಅಮಾವಾಸ್ಯೆ ಬಿಟ್ಟ. ಕೇಳದೇ ಹೋದದ್ದು ಒಂದೇ. ಮಾಂಬಳ್ಳಿಯ ಮನೆಗಳಲ್ಲಿ ರೇಷ್ಮೆಹುಳ ಈಗ ಎಷ್ಟು ಬೆಳೆದಿವೆ?

ಹುಟ್ಟಿದಾಗಿನಿಂದ ರೇಷ್ಮೆ ಮುಟ್ಟಿದ ಕೈ ಅವನದು. ಆದರೆ ಮಗ್ಗದವರಿಗೆ ರೇಷ್ಮೆ ಶುರುವಾಗುವುದೇ ನೂಲಿನಿಂದ. ಆ ನೂಲಿಗೂ ಹಿಂದೆ ಹಸಿವು, ನಿದ್ದೆ, ಕಾಯಿಲೆ ಇರುತ್ತವೆ ಎಂಬುದು ನಮ್ಮ ಬೀದಿಗೆ ನೆನಪೇ ಇಲ್ಲ.

‘ಉಳ ಅಣ್ಣಾಯ್ತಾ ಅವೆ ಸಾ, ನಿಲ್ಸಿ!’ ಎಂದಳು ಆಕೆ. ಹೆಸರು ಪುಟ್ಟಮ್ಮ.

ಹುಳ ಹಣ್ಣಾಗುವುದೆಂದರೆ ಮೇವು ಬಿಟ್ಟು, ಮೈ ಹಳದಿಯಾಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುವ ಹೊತ್ತು. ಆಗ ಆ ಬೀದಿಯಲ್ಲಿ ತಮಟೆ ಬಾರಿಸುವುದಿಲ್ಲ, ಪಟಾಕಿ ಹಚ್ಚುವುದಿಲ್ಲ, ಜಗಳವಿದ್ದರೂ ಊರಾಚೆ ಹೋಗಿ ಆಡುತ್ತಾರೆ. ಸದ್ದಿಗೆ ಬೆದರಿದ ಹುಳ ಗೂಡು ಗಟ್ಟಿಯಾಗಿ ಕಟ್ಟುವುದಿಲ್ಲ ಎಂಬುದು ಅವರ ನಂಬಿಕೆ. ನಮ್ಮ ಲೌಡ್‌ಸ್ಪೀಕರಿನ ಬಾಯಿ ಇದ್ದದ್ದು ನೇರ ಅವಳ ಹುಳದ ಮನೆಯ ಕಡೆಗೆ.

‘ಹುಳಕ್ಕೆಲ್ಲಿ ಅಕ್ಕ ಕಿವಿ?’ ಎಂದ ಶಿವಮಲ್ಲು.

‘ಕಿವಿ ಇರೋ ನೀವು ಕೇಳುಸ್ಕಂಡ್ರಾ? ಕಂಬ ನೆಡೋರ್ಗೆ ಬೆಳಗ್ಗಿಂದ ಬಡ್ಕತಾ ಇವ್ನಿ. ಓದ್ಸಲ ಸಪ್ಪೆ ರೋಗ ಬಂದು ತಟ್ಟೆ ತಟ್ಟೆ ಉಳಾನೇ ಗುಂಡಿಗೆ ಸುರ್ದೆ. ಈ ಸಲಾನೂ ಓದ್ರೆ ನೇರಳೆ ಗಿಡ ಕಿತ್ತಾಕ್ಬುಟ್ಟು ಕೂಲಿಗೆ ಓಯ್ತೀನಿ. ಆಗ ನೀವೇನ್ ನೇಯ್ದೀರಿ, ಗಾಳೀನಾ?’

ಶಿವಮಲ್ಲು ಮೈಕಿನ ಸ್ವಿಚ್ ಆರಿಸಿದ. ಅಷ್ಟೆ. ಪ್ರೋಗ್ರಾಂ ಕ್ಯಾನ್ಸಲ್.

ಆದರೆ ಹೊರಟುಬಿಟ್ಟವರಿಗೆ ಸುದ್ದಿ ಮುಟ್ಟಿಸುವುದು ಹೇಗೆ? ಬೆಟ್ಟದ ಪೋಡಿಗೆ, ಅಂದರೆ ಸೋಲಿಗರ ಹಾಡಿಗೆ, ಫೋನು ಮಾಡಲಾದೀತೇ? ಮಧ್ಯಾಹ್ನದ ಹೊತ್ತಿಗೆ ಒಬ್ಬೊಬ್ಬರೇ ಬಂದಿಳಿದರು. ಹನೂರಿನ ಕಂಸಾಳೆ ಮಾದಯ್ಯ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಾಡುಗಾರ್ತಿ ಕೇತಮ್ಮ, ಪಾಲಾರ್ ಕಡೆಯ ನಾಗಸ್ವರದ ಪಳನಿ. ಜೊತೆಗೆ ಅವರವರ ಮೇಳದವರು. ನಾವು ತಲೆ ತಗ್ಗಿಸಿ ವಿಷಯ ಹೇಳಿದೆವು.

ಪುಟ್ಟಮ್ಮ ಬಾಗಿಲಲ್ಲಿ ನಿಂತು ಅವರನ್ನೆಲ್ಲ ನೋಡಿದಳು. ಹುಳ ಒಟ್ಟಿಗೆ ಹಣ್ಣಾದರೆ ಒಂದೊಂದನ್ನೇ ಆರಿಸಿ, ಬಿದಿರಿನ ಚಂದ್ರಿಕೆಗಳ ಮೇಲೆ ಬೇಗ ಬಿಡಬೇಕು, ಅಲ್ಲೇ ಅವು ಗೂಡು ಕಟ್ಟುವುದು. ತಡವಾದರೆ ನೂಲು ತಟ್ಟೆಯಲ್ಲೇ ಪೋಲು. ಅಕ್ಕಪಕ್ಕದವರಿಗೆ ಅವರವರ ಹುಳದ ಕೆಲಸವೇ ಕೈತುಂಬ. ಇವಳದು ಒಂಟಿ ಕೈ.

‘ಸುಮ್ನೆ ಕೂತ್ಕಂಡು ಏನ್ ಮಾಡೀರಿ? ಕೈ ತೊಳ್ಕಂಡ್ ಬನ್ನಿ. ಬೀಡಿ ಸೇದೋರು ಎರಡ್ಸಲ ತೊಳ್ಕಳಿ.’

ಹೀಗೆ ನಮ್ಮ ಕಲಾವಿದರೆಲ್ಲ ಹುಳದ ಮನೆ ಹೊಕ್ಕರು. ನಾನೂ ಹೊಕ್ಕೆ. ಮೊದಲು ಎತ್ತಿಕೊಂಡ ಹುಳ ನನ್ನ ಅಂಗೈ ಮೇಲೆ ತಲೆಯೆತ್ತಿ ಅತ್ತಿತ್ತ ಆಡಿಸಿತು. ಪುಟ್ಟಮ್ಮ ಬಗ್ಗಿ ನೋಡಿ, ‘ಇದಿನ್ನೂ ಅಣ್ಣಾಗಿಲ್ಲ ಸಾ, ಮೇಯ್ಲಿ ಬುಡಿ’ ಎಂದಳು. ಕಂಚಿನ ತಾಳ ಹಿಡಿದು ಜಡ್ಡುಗಟ್ಟಿದ ಮಾದಯ್ಯನ ಬೆರಳುಗಳು ಹುಳವನ್ನು ಎತ್ತುವಾಗ ಎಷ್ಟು ಹೆದರುತ್ತಿದ್ದವು! ಅಷ್ಟು ಜನ ಗಟ್ಟಿ ಗಂಟಲಿನವರು ಒಂದೇ ಮನೆಯಲ್ಲಿ ಅಷ್ಟು ಮೆಲ್ಲಗೆ ಉಸಿರಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಶಿವಮಲ್ಲುಗೆ ತಡೆಯಲಾಗಲಿಲ್ಲ. ಪಿಸುಮಾತಿನಲ್ಲಿ ಶುರು ಮಾಡಿದ. ‘ನಡೆದಿದ್ರೆ ಮೊದ್ಲು ಕೇತಮ್ಮ. ಆಮೇಲೆ ಮಾದಣ್ಣ. ಕೊನೆಗೆ ಪಳನಿ.’

‘ನಾನ್ಯಾಕ್ಲಾ ನಡೂಮಧ್ಯ?’ ಮಾದಯ್ಯನೂ ಪಿಸುಗುಟ್ಟಿದ. ‘ಕಂಸಾಳೆ ಕುಣ್ದ್‌ಮೇಲೆ ಇನ್ನೊಬ್ಬ ಬಂದು ಊದುದ್ರೆ ಯಾರ್ ಕೇಳಾರು?’

‘ಸರಿ ಅಣ್ಣಾ, ನೀವೇ ಕಡೇಲಿರಿ’ ಎಂದ ಪಳನಿ. ‘ನಾನ್ ಊದುದ್‌ಮೇಲೆ ಜನ ಎದ್ದು ಊಟಕ್ಕೆ ಓಯ್ತಾರೆ. ನೀವು ಖಾಲಿ ಚಾಪೆ ಮುಂದೆ ಕುಣೀರಿ.’

ಪಿಸುಮಾತಿನಲ್ಲಿ ಜಗಳವಾಡುವುದು ಬಹಳ ಕಷ್ಟ. ನೀವೂ ಒಮ್ಮೆ ಪ್ರಯತ್ನಿಸಿ, ಸಿಟ್ಟು ಅರ್ಧ ದಾರಿಯಲ್ಲೇ ನಗುವಾಗಿಬಿಡುತ್ತದೆ. ‘ಇಬ್ರೂ ಒಂದೇ ಸಲ ಬಾರ್ಸಿ ಕಣ್ರಪ್ಪಾ. ಕಾಡಲ್ಲಿ ಹಕ್ಕಿಗಳೇನು ಸರದಿ ನಿಂತು ಕೂಗ್ತವಾ?’ ಎಂದಳು ಕೇತಮ್ಮ.

ಆಮೇಲೆ ಪಟ್ಟಿಗೆ ಲಂಗುಲಗಾಮೇ ಇಲ್ಲವಾಯಿತು. ಹೇಗೂ ಕ್ಯಾನ್ಸಲ್ ಆದ ಪ್ರೋಗ್ರಾಂ, ಯಾರನ್ನು ಬೇಕಾದರೂ ಕರೆಯಬಹುದಲ್ಲ? ಮಾದಯ್ಯ ತೀರಿಹೋದ ತನ್ನ ಗುರುವನ್ನು ಕರೆಸಿದ. ಕೇತಮ್ಮ ತನ್ನ ಅಜ್ಜಿಯನ್ನು ಕರೆಸಿದಳು. ಕಾಡಿನಲ್ಲಿ ಗೆಣಸು ಅಗೆಯುವಾಗ ಮಾತ್ರ ಹಾಡುತ್ತಿದ್ದ ಅಜ್ಜಿ ಅದು, ಯಾರಾದರೂ ನೋಡಿದರೆ ನಿಲ್ಲಿಸಿಬಿಡುತ್ತಿತ್ತಂತೆ. ಹಾಗಾಗಿ ಸ್ಟೇಜಿಗೆ ಒಂದು ಪರದೆ ಸ್ಯಾಂಕ್ಷನ್ ಆಯಿತು. ಪಳನಿ ವಾದ್ಯ ಅಟ್ಟಕ್ಕಿಟ್ಟು ಟೀ ಎಸ್ಟೇಟಿಗೆ ಸೇರಿದ ತನ್ನ ಭಾವನನ್ನು ಬಿಡಿಸಿಕೊಂಡು ಬಂದ.

‘ನಿಮ್ಮೋರು ಯಾರು ಸಾ?’ ಎಂದರು. ನಾನು ಬಹಳ ಯೋಚಿಸಿ, ಯಳಂದೂರು ಬಸ್ಸಿನಲ್ಲಿ ಸ್ಟಾಪುಗಳ ಹೆಸರನ್ನು ರಾಗವಾಗಿ ಕೂಗುವ ಕಂಡಕ್ಟರನ್ನು ಸೂಚಿಸಿದೆ. ಒಬ್ಬರೂ ವಿರೋಧಿಸಲಿಲ್ಲ. ನಡೆಯುವ ಕಾರ್ಯಕ್ರಮದಲ್ಲಿ ‘ಟೈಮಿಲ್ಲ, ಬೇಗ ಮುಗಿಸಿ’ ಎಂದು ಚೀಟಿ ಕಳಿಸುವವರೇ ನಾವು. ಅಲ್ಲಿ ಮಾತ್ರ ಎಲ್ಲರಿಗೂ ಟೈಮಿತ್ತು, ಸತ್ತವರಿಗೂ.

ಸಂಜೆಯ ಹೊತ್ತಿಗೆ ಚಂದ್ರಿಕೆಗಳು ಜಗಲಿಯ ಗೋಡೆಗೆ ಒರಗಿ ನಿಂತವು. ಎಲ್ಲರೂ ಪುಟ್ಟಮ್ಮನ ಮನೆಯಲ್ಲಿ ಮುದ್ದೆ ಉಂಡು, ವಾದ್ಯಗಳ ಗಂಟು ಬಿಚ್ಚದೆಯೇ ಬಸ್ಸು ಹತ್ತಿದರು. ಯಾರ ಮುಖದಲ್ಲೂ ಬೇಸರ ಕಾಣಲಿಲ್ಲ. ನನಗೂ ಆಗಲಿಲ್ಲ, ಹೊಟ್ಟೆಯೊಂದೇ ಅಲ್ಲ, ಕಿವಿಯೂ ತುಂಬಿದ ಹಾಗಿತ್ತು.

ಶಿವಮಲ್ಲುಗೆ ಮಾತ್ರ ಅಳುಕು. ಆ ಎರಡು ‘ಹಲೋ’ಗಳು ಆಗಲೇ ಹೋಗಿಬಿಟ್ಟಿದ್ದವಲ್ಲ! ಅವಳ ಬೆಳೆ ಕೆಟ್ಟರೆ ಯಾರು ಹೊಣೆ? ಕೆಲವು ದಿನ ಮಗ್ಗದಲ್ಲಿ ಎಳೆ ಕಡಿದರೂ ಅವನಿಗೆ ಅದರ ಮೇಲೆ ಗಮನವಿರಲಿಲ್ಲ.

ಮೊನ್ನೆ ಪುಟ್ಟಮ್ಮನೇ ಕೊಳ್ಳೇಗಾಲಕ್ಕೆ ಬಂದಳು. ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಗೂಡು ತೆಗೆದು ಮಗ್ಗದ ಪಕ್ಕ ಇಟ್ಟಳು. ಶಿವಮಲ್ಲು ಒಂದನ್ನು ಎತ್ತಿ ಬೆರಳಲ್ಲಿ ಒತ್ತಿದ. ಕಲ್ಲಿನಂತೆ ಗಟ್ಟಿ.

‘ಗಿಡ ಕೀಳಾಕಿಲ್ಲ ಬುಡಿ’ ಎಂದಳು ಅವಳು. ‘ಇನ್ನೊಂದ್ ಬೆಳೆಗೆ ಮೊಟ್ಟೆ ತಂದಿವ್ನಿ. ಉಳ ಅಣ್ಣಾಗೋ ದಿಸ ಯೋಳ್ಕಳಿಸ್ತೀನಿ. ನಿಮ್ ಸಂಗೀತದೋರ್ನ ಅಷ್ಟೂ ಜನಾನೂ ಕರ್ಕಂಡ್ ಬನ್ನಿ.’

ಶಿವಮಲ್ಲು ಈಗ ನನ್ನನ್ನು ಕೇಳುತ್ತಿದ್ದಾನೆ, ನಾನು ನಿಮ್ಮನ್ನು ಕೇಳುತ್ತಿದ್ದೇನೆ: ಇದು ನಮ್ಮ ಉತ್ಸವಕ್ಕೆ ಸಿಕ್ಕ ಹೊಸ ತಾರೀಕೋ, ಮತ್ತೊಂದು ಕ್ಯಾನ್ಸಲ್ಲೋ?