ರಾಕ್ಷಸಿಯ ಬಾಯಿ

ನನ್ನ ಬರವಣಿಗೆಯ ಅಭ್ಯಾಸಗಳೇನು ಎಂದು ಕೇಳುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಹೈಸ್ಕೂಲು ಮಕ್ಕಳು ಓದುವ ಮಾಯಾಲೋಕದ ಕಾದಂಬರಿಗಳನ್ನು ಬರೆಯುವವಳು ನಾನು. ಇಂಥವಳು ನಸುಕಿನಲ್ಲೆದ್ದು, ಸ್ನಾನ ಮಾಡಿ, ಕಿಟಕಿಯ ಪಕ್ಕ ಕೂತು, ಆಕಾಶ ನೋಡಿಕೊಂಡು ಬರೆಯುತ್ತಾಳೆಂದು ಜನ ನಂಬಿದ್ದಾರೆ. ನಾವಿರುವ ಕೆಜಿಎಫ್‌ನ ಕೋರಮಂಡಲ್‌ನಲ್ಲಿ ನಸುಕಿಗೆ ಏಳುವುದು ನಲ್ಲಿಯಲ್ಲಿ ನೀರು ಬಂದರೆ ಮಾತ್ರ. ಬಂದ ದಿನ ಬಿಂದಿಗೆ, ಬಕೆಟ್ಟು, ಕುಕ್ಕರು, ಕೊನೆಗೆ ಚೊಂಬನ್ನೂ ಬಿಡದೆ ತುಂಬಿಸಿಟ್ಟು, ಗಂಡನಿಗೆ ಡಬ್ಬಿ ಕಟ್ಟಿ ಕಾರ್ಖಾನೆಗೆ ಅಟ್ಟಿ, ಮಾರಿಕುಪ್ಪಂನಿಂದ ಬರುವ ರೈಲಿಗೆ ಓಡುತ್ತೇನೆ. ಬಂಗಾರಪೇಟೆಯ ಒಂದು ಖಾಸಗಿ ಶಾಲೆಯಲ್ಲಿ ನಾನು ಟೀಚರು. ಬರೆಯುವುದು ಆ ರೈಲಿನಲ್ಲೇ, ಬಾಗಿಲ ಹತ್ತಿರದ ಕಂಬಿಗೆ ಬೆನ್ನು ಕೊಟ್ಟು, ಫೋನಿನ ಮೇಲೆ ಹೆಬ್ಬೆರಳಾಡಿಸಿಕೊಂಡು. ಯುದ್ಧದ ಪ್ರಸಂಗ ಬರೆಯುವಾಗ ನನ್ನ ಮುಖ ಹೇಗಿರುತ್ತದೋ ಏನೋ, ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಹೆಂಗಸೊಬ್ಬಳು ಒಮ್ಮೆ ತಮಿಳು ಬೆರೆಸಿದ ಕನ್ನಡದಲ್ಲಿ ಕೇಳಿದಳು: "ಏನಕ್ಕಾ, ಆಗ್ಲಿಂದ ಯಾರ್‌ಕಿಟ್ಟ ಜಗಳ?" ನನ್ನ ಬರವಣಿಗೆಯ ಬಗ್ಗೆ ಇಲ್ಲಿಯವರೆಗೆ ಬಂದಿರುವ ಒಳ್ಳೆಯ ಪ್ರಶ್ನೆ ಅದೊಂದೇ.

ಇನ್ನು ಸ್ಫೂರ್ತಿ. ಕೆಜಿಎಫ್ ಎಂದ ಕೂಡಲೇ ಎಲ್ಲರಿಗೂ ಬಾಯಲ್ಲಿ ನೀರೂರುತ್ತದೆ. ಗಣಿ, ಸುರಂಗ, ಕತ್ತಲು, ಚಿನ್ನ ಕಾಯುವ ಸರ್ಪ. ನನ್ನ ಪುಸ್ತಕಗಳಲ್ಲಿ ಗುಲಗಂಜಿ ತೂಕದ ಚಿನ್ನವೂ ಇಲ್ಲ. ನಾವು ಗಣಿಯವರೇ ಅಲ್ಲ. ನನ್ನಪ್ಪ ಹಾವೇರಿ ಕಡೆಯಿಂದ ಕಾರ್ಖಾನೆ ಕೆಲಸಕ್ಕೆಂದು ಬಂದವರು, ಗಂಡ ದುಡಿಯುವುದೂ ಅಲ್ಲೇ. ಗಣಿಯ ಕತೆ ಹೇಳಲು ಗಣಿಗೆ ಇಳಿದವರಿದ್ದಾರೆ, ಅವರ ಮಕ್ಕಳಿದ್ದಾರೆ. ನನ್ನ ಸ್ಫೂರ್ತಿ ಹಿತ್ತಲ ಮೆಟ್ಟಿಲ ಮೇಲೆ ಕಾಲು ಚಾಚಿಕೊಂಡು ಕೂತಿರುತ್ತದೆ, ಎಲೆಯಡಿಕೆ ಜಗಿಯುತ್ತದೆ, ನನ್ನನ್ನು ಕಂಡರೆ ಮೂಗು ಮುರಿಯುತ್ತದೆ. ಅದು ನನ್ನ ಅತ್ತೆ.

ಅತ್ತೆ ಕಾಮಸಮುದ್ರದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡಿರುವ ಹಳ್ಳಿಯವರು. ಕನ್ನಡದಲ್ಲಿ ಬೈಯಲು ಶುರು ಮಾಡಿದರೆ ತೆಲುಗಿನಲ್ಲಿ ಮುಗಿಸುತ್ತಾರೆ. ಬರೆದ ಪ್ರತಿಯೊಂದು ಅಧ್ಯಾಯವನ್ನೂ ನಾನು ಸಂಜೆ ಅವರಿಗೆ ಓದಿ ಹೇಳುತ್ತೇನೆ. ಅವರೆಕಾಯಿಯ ಕಾಲದಲ್ಲಿ ಅದಕ್ಕೆ ಒಳ್ಳೆಯ ಹದ ಬರುತ್ತದೆ. ನೆನೆಸಿದ ಕಾಳಿನ ಪಾತ್ರೆ ನಡುವೆ ಇಟ್ಟುಕೊಂಡು ಅವರು ಒಂದೊಂದೇ ಕಾಳನ್ನು ಹಿತಕುತ್ತಾರೆ, ಸಿಪ್ಪೆ ಅತ್ತ, ಬೇಳೆ ಇತ್ತ. ಕತೆ ಹಿಡಿಸದಿದ್ದರೆ ಬೇಳೆ ಬಟ್ಟಲಿಗೆ ಬೀಳದೆ ನನ್ನ ಕನ್ನಡಕಕ್ಕೆ ಬಂದು ಬಡಿಯುತ್ತದೆ. "ಆ ಉಡ್ಗಿ ಕಾಡಿಗ್ ಬಂದು ಎಷ್ಟ್ ದಿನ ಆಯ್ತು? ಏನ್ ತಿಂದ್ಳು? ಬಯ್ಲುಕಡೆಗ್ ಎಲ್ಲೋದ್ಳು?" ಮಂತ್ರದಿಂದ ಕೋಟೆಯ ಬಾಗಿಲು ತೆರೆದ ದಿನ, "ಅಂಗಾರೆ ನಮ್ಮನೆ ಗ್ಯಾಸ್ ಸಿಲಿಂಡ್ರೂ ತುಂಬ್ಸು ನೋಡಾನ" ಎಂದರು.

ಅವರು ಹೇಳಿದ್ದೆಲ್ಲ ಸರಿ ಎಂದು ಯಾರೂ ತಿಳಿಯಬಾರದು. ಅರ್ಧಕ್ಕರ್ಧ ಬರೀ ಕೊಂಕು. ರಾಜಕುಮಾರ ಕುದುರೆಯ ಮೇಲೆ ಬಂದದ್ದಕ್ಕೆ, "ಕುದ್ರೆ ಸಾಕಿದ್ದೀಯೇನೇ ನೀನು? ಗೊತ್ತಿರೋದ್ನ ಬರಿ" ಎಂದು ಜಗಳ ತೆಗೆದರು. ಬೇಸತ್ತು ಅವನನ್ನು ಎಮ್ಮೆಯ ಮೇಲೆ ಕೂರಿಸಿದೆ. ಅದನ್ನು ಓದಿದ ವಿಮರ್ಶಕರೊಬ್ಬರು ನಾನು ವೀರತ್ವದ ಕಲ್ಪನೆಯನ್ನೇ ಬುಡಮೇಲು ಮಾಡಿದ್ದೇನೆಂದು ಬರೆದರು. ಅಂಥವರಿಗೆ ಉತ್ತರ ಕೊಡುವುದಕ್ಕಿಂತ ಎಮ್ಮೆಗೆ ಹುಲ್ಲು ಹಾಕುವುದು ಮೇಲು. ಆದರೆ ಒಂದು ಮಾತು ನಿಜ. ಅತ್ತೆಯ ಬೈಗುಳ ತಿನ್ನದ ಒಂದು ಪುಟವೂ ನನ್ನ ಪುಸ್ತಕಗಳಲ್ಲಿಲ್ಲ. ಅದಿಲ್ಲದೆ ನನಗೆ ಬರೆಯಲು ಬರುವುದಿಲ್ಲ.

ನನ್ನ ಸರಣಿಯಲ್ಲಿ ಮಕ್ಕಳು ಮುಗಿಬಿದ್ದು ಓದುವುದು ನಾಯಕಿಯನ್ನಲ್ಲ, ಗಡಿ ಕಾಯುವ ರಾಕ್ಷಸಿಯನ್ನು. ದಾಟಲು ಬಂದವರನ್ನೆಲ್ಲ ಅವಳು ಬಾಯಿಗೆ ಬಂದಂತೆ ಬೈಯುತ್ತಾಳೆ. ತಲೆ ತಗ್ಗಿಸಿ ಕೈ ಮುಗಿದವರನ್ನು ನುಂಗುತ್ತಾಳೆ, ತಿರುಗಿ ಬೈದವರನ್ನು ಆಚೆಗೆ ಬಿಡುತ್ತಾಳೆ. ಈ ರಾಕ್ಷಸಿ ಯಾರೆಂದು ಬಿಡಿಸಿ ಹೇಳಬೇಕಿಲ್ಲ. ತಮಾಷೆಯೆಂದರೆ ಅತ್ತೆಗೆ ಮಾತ್ರ ಗೊತ್ತಾಗಿರಲಿಲ್ಲ. ರಾಕ್ಷಸಿ ಬಂದಾಗಲೆಲ್ಲ ಬಾಯ್ತುಂಬ ನಗುತ್ತಿದ್ದರು, ಅವಳಿಗೆಂದು ಹೊಸ ಬೈಗುಳ ಹುಡುಕಿ ಕೊಡುತ್ತಿದ್ದರು. "ಇಂತಾ ಬಾಯ್ನೋಳು ನಮ್ಮೂರಲ್ಲೂ ಒಬ್ಳಿದ್ಲು ಕಣೇ" ಎಂದು ಒಮ್ಮೆ ಹೇಳಿದಾಗ ನಾನು ನಗು ತಡೆಯಲಾರದೆ ಒಳಗೆ ಎದ್ದು ಹೋಗಿದ್ದೆ.

ಸರಣಿಯ ಕೊನೆಯ ಪುಸ್ತಕ ಅರ್ಧವಾಗಿದ್ದಾಗ ಪ್ರಕಾಶಕರ ಕಡೆಯಿಂದ ವಿಡಿಯೋ ತಂಡವೊಂದು ಬಂತು. ಮೈಕು ಹಿಡಿದ ಒಬ್ಬಳು ಹುಡುಗಿ, ಕ್ಯಾಮೆರಾ ಹಿಡಿದ ಒಬ್ಬ ಗಡ್ಡದವನು. ನನ್ನ "ಸೃಜನಶೀಲ ದಿನಚರಿ"ಯನ್ನು ಚಿತ್ರಿಸುತ್ತಾರಂತೆ. ರೈಲಿನಲ್ಲಿ ಬರೆಯುತ್ತೇನೆ ಎಂದರೆ ಅವರ ಮುಖ ಬಾಡಿತು. ರೈಲಿನಲ್ಲಿ ಬೆಳಕು ಸಾಲದಂತೆ. ನನ್ನನ್ನು ಸೈನೈಡ್ ಗುಡ್ಡಕ್ಕೆ ಹತ್ತಿಸಿದರು. ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಗಣಿಯ ಮಣ್ಣು ರಾಶಿಬಿದ್ದು ಆದ ಗುಡ್ಡ ಅದು. ಗಾಳಿ ಬಂದರೆ ಆ ದೂಳು ನಮ್ಮ ಅನ್ನದ ತಟ್ಟೆಗೇ ಬರುತ್ತದೆ. ಅಲ್ಲಿ ಕೂರಿಸಿ ಕೈಗೊಂದು ಇಂಕು ಪೆನ್ನು ಕೊಟ್ಟರು, ಪೆನ್ನೂ ಅವರದೇ. "ಮ್ಯಾಮ್, ಸ್ವಲ್ಪ ದೂರಕ್ಕೆ ನೋಡ್ತಾ ಯೋಚ್ನೆ ಮಾಡಿ" ಎಂದಳು ಹುಡುಗಿ. ದೂರಕ್ಕೆ ನೋಡಿದೆ. ಹೆಡ್ಮೇಷ್ಟ್ರಿಗೆ ಹೇಳದೆ ರಜ ಹಾಕಿ ಬಂದದ್ದರ ಬಗ್ಗೆ ಯೋಚನೆ ಮಾಡಿದೆ. ಆ ದೃಶ್ಯ ಬಹಳ ಚೆನ್ನಾಗಿ ಬಂತಂತೆ.

ಆಮೇಲೆ ಮನೆಗೆ ಬಂದರು. ಹಿತ್ತಲಲ್ಲಿ ಅತ್ತೆಯನ್ನು ಕಂಡದ್ದೇ ತಡ, ಇಬ್ಬರಿಗೂ ನಿಧಿ ಸಿಕ್ಕಂತಾಯಿತು. ಸೆರಗಿಗೆ ಮೈಕು ಸಿಕ್ಕಿಸಿದರು. ಅತ್ತೆಯೂ ಖುಷಿಯಾಗಿಯೇ ಇದ್ದರು, ತಲೆಗೂದಲು ನೇವರಿಸಿಕೊಂಡರು. ಹುಡುಗಿ ಕೇಳಿದಳು: "ಅಜ್ಜಿ, ನಿಮ್ ಸೊಸೆ ಪುಸ್ತಕದಲ್ಲಿ ನಿಮ್ಮನ್ನೇ ರಾಕ್ಷಸಿ ಮಾಡಿದ್ದಾರಂತಲ್ಲ, ಹೇಗನ್ಸುತ್ತೆ?"

ಇದು ನಾನು ನನ್ನ ಪುಸ್ತಕಗಳ ಸಂಪಾದಕರಿಗೆ ಫೋನಿನಲ್ಲಿ ನಗುತ್ತಾ ಹೇಳಿದ್ದ ಮಾತು. ಆ ಮನುಷ್ಯನ ಬಾಯಿ ಊರ ಮುಂದಿನ ಹೆಬ್ಬಾಗಿಲು, ಹಗಲೂ ರಾತ್ರಿ ತೆರೆದೇ ಇರುತ್ತದೆ. ಗಡ್ಡದವನು ಕ್ಯಾಮೆರಾ ಹಿಂದೆ ಕಿಸಕ್ಕೆಂದ. ಅತ್ತೆ ನನ್ನ ಕಡೆ ಒಮ್ಮೆ ತಿರುಗಿದರು. ಅವರು ಕ್ಯಾಮೆರಾಕ್ಕೆ ಮುಖ ಮಾಡಿ, "ಒಳ್ಳೇದ್ ಮಾಡವ್ಳೆ, ಬರೀಲಿ ಬುಡಿ" ಎಂದು ಸೆರಗಿನಿಂದ ಮೈಕು ಕಿತ್ತು ಕೊಟ್ಟರು. ತಂಡದವರು ಬಂಗಾರಪೇಟೆಯಲ್ಲಿ ಪಾನಿಪುರಿ ತಿಂದು ಬೆಂಗಳೂರಿಗೆ ಹೋದರು. ಅವರ ಪಾಲಿಗೆ ಅಲ್ಲಿಗೆ ಮುಗಿಯಿತು.

ನನ್ನ ಪಾಲಿಗೆ ಅಲ್ಲಿಂದ ಶುರುವಾಯಿತು. ಮರುದಿನ ಸಂಜೆ ಹೊಸ ಅಧ್ಯಾಯ ಓದಿದೆ. ಅತ್ತೆ ತಲೆಯೆತ್ತದೆ ಕಾಳು ಹಿತಕುತ್ತಾ ಕೇಳಿದರು. ಮುಗಿದ ಮೇಲೆ, "ಸೆಂದಾಗದಮ್ಮ" ಎಂದರು. ಮದುವೆಯಾಗಿ ಬಂದಂದಿನಿಂದ ಅವರ ಬಾಯಲ್ಲಿ ನಾನು "ಏನೇ", "ಲೇ", ಕೋಪ ಬಂದರೆ "ಆವೇರಿಯೋಳೆ". "ಅಮ್ಮ" ಎಂದದ್ದು ಅಂದೇ. ಅದರ ಮರುದಿನವೂ ಸೆಂದಾಗದೆ. ವಾರವಾದರೂ ಸೆಂದಾಗದೆ. ಒಂದು ಬೇಳೆಯೂ ನನ್ನತ್ತ ಹಾರಲಿಲ್ಲ. ಹಾಲಿನವನ ಮೇಲೆ, ಬೆಕ್ಕಿನ ಮೇಲೆ, ಟಿವಿಯ ಮೇಲೆ ಎಂದಿನಂತೆ ಹರಿಹಾಯುತ್ತಿದ್ದರು. ನನಗೆ ಮಾತ್ರ ನೆಂಟರಿಗೆ ಕೊಡುವ ಮರ್ಯಾದೆ ಕೊಟ್ಟು ಕೂರಿಸಿಬಿಟ್ಟರು. ಗಂಡನಿಗೆ ಹೇಳಿದರೆ, "ಅಂತೂ ಮನೇಲಿ ಶಾಂತಿ ಬಂತಲ್ಲ" ಎಂದ. ಗಂಡಸರಿಗೆ ಶಾಂತಿ ಎಂದರೆ ತಮಗೆ ಏನೂ ಕೇಳಿಸದಿರುವುದು.

ಅವರನ್ನು ಕೆಣಕಲು ಒಂದು ಉಪಾಯ ಮಾಡಿದೆ. ನಾಯಕಿ ಮುದ್ದೆ ಮಾಡುವ ಪ್ರಸಂಗ ಬರೆದೆ. ರಾಗಿ ಹಿಟ್ಟಿಗೆ ತಣ್ಣೀರು ಸುರಿದು, ಚಪಾತಿ ಹಿಟ್ಟಿನ ಹಾಗೆ ನಾದಿ, ಉಂಡೆ ಕಟ್ಟಿ, ಕುದಿಯುವ ನೀರಿಗೆ ಎತ್ತಿಹಾಕಿದಳು ಎಂದು. ಕೋಲಾರದ ಸೀಮೆಯಲ್ಲಿ ಇದನ್ನು ಕೇಳಿ ಸುಮ್ಮನಿರುವ ಹೆಂಗಸು ಹುಟ್ಟಿಲ್ಲ. ಗಟ್ಟಿಯಾಗಿ, ನಿಧಾನವಾಗಿ ಓದಿದೆ. ಅತ್ತೆಯ ದವಡೆ ಅಲ್ಲಾಡಿತು. ಕತ್ತಿನ ನರ ಉಬ್ಬಿತು. ಬಂತು, ಬಂತು ಎಂದುಕೊಂಡೆ. ಅವರು ಎಲೆಯಡಿಕೆ ಉಗಿದು ಬಂದು ಕೂತು, "ಅಂಗೂ ಮಾಡ್ತಾರೇನೋ ಬುಡಮ್ಮ, ಓದ್ದೋರು" ಎಂದರು.

ಆ ಸಂಜೆ ನನಗೆ ಅಳು ಬಂತು. ಅತ್ತೆ ನನ್ನನ್ನು ಮನೆಯಿಂದ ಆಚೆಗಿಟ್ಟ ಹಾಗೆ ಅನ್ನಿಸಿತು. ಪುಸ್ತಕ ಮುಗಿಯದಿದ್ದರೆ ಹಾಳಾಗಿ ಹೋಗಲಿ, ಹೀಗೆ ಮರ್ಯಾದೆಯಿಂದ ಮಾತಾಡಿಸಿಕೊಂಡು ನಾನು ಆ ಮನೆಯಲ್ಲಿ ಹೇಗೆ ಬಾಳುವುದು?

ಅಷ್ಟರಲ್ಲಿ ಸಂಪಾದಕರ ಫೋನು. ಕೊನೆಯ ಪುಸ್ತಕದಲ್ಲಿ ರಾಕ್ಷಸಿ ಸಾಯಲೇಬೇಕಂತೆ. ನಾಯಕಿ ಬೆಳಕಿನ ಕತ್ತಿ ಎತ್ತಬೇಕು, ರಾಕ್ಷಸಿ ಅವಳ ತೊಡೆಯ ಮೇಲೆ ತಲೆಯಿಟ್ಟು ಕ್ಷಮೆ ಕೇಳಿ ಕಣ್ಮುಚ್ಚಬೇಕು. ಓದುಗರು ಅತ್ತು ಬಿಡಬೇಕು ಮೇಡಂ, ರೀಲ್ಸ್‌ಗೂ ಚೆನ್ನಾಗಿರುತ್ತೆ ಎಂದರು. ಅವರ ಮೇಲಿನ ಸಿಟ್ಟಿಗೆ ಅವರು ಹೇಳಿದಂತೆಯೇ ಬರೆದೆ. ರೈಲು ಬಂಗಾರಪೇಟೆ ಮುಟ್ಟುವುದರೊಳಗೆ ರಾಕ್ಷಸಿ ಪುಟಗಟ್ಟಲೆ ಮಾತಾಡಿ ಸತ್ತಿದ್ದಳು. ನಾನು ಬರೆದವುಗಳಲ್ಲೆಲ್ಲ ಅದಕ್ಕಿಂತ ಹೊಲಸು ಇನ್ನೊಂದಿಲ್ಲ.

ಸಂಜೆ ಅದನ್ನೇ ಓದಿದೆ. "ಮಗಳೇ, ನನ್ನ ಕಟುನುಡಿಗಳ ಹಿಂದೆ ಇದ್ದದ್ದು ಪ್ರೀತಿಯೇ" ಎಂದು ರಾಕ್ಷಸಿ ಏದುಸಿರು ಬಿಡುತ್ತಾ ಹೇಳುವಲ್ಲಿಗೆ ಬಂದಿದ್ದೆ. ಅತ್ತೆ ಕೈಯಲ್ಲಿದ್ದ ಕಾಳನ್ನೆಲ್ಲ ಪಾತ್ರೆಗೆ ಎಸೆದರು.

"ಥೂ! ಸಾಯೋವಾಗ ಇಷ್ಟುದ್ದ ಮಾತಾಡ್ತಾರೇನೇ ಯಾರಾನ? ಯಾವೋಳೇ ಇವ್ಳು? ನಾನಾ ಇವ್ಳು?"

ನಾನು ಫೋನು ಕೆಳಗಿಟ್ಟೆ.

"ನಿಮ್ಮಾವ ಓಗೋವಾಗ ಏನಂದ್ರು ಗೊತ್ತಾ? ಉಣ್ತಾ ಕೂತಿದ್ರು. ಸಾರಿಗ್ ಉಪ್ ಜಾಸ್ತಿ ಆಗದೆ, ನಿನ್ ಕೈಗಿಷ್ಟು, ಅಂದ್ರು. ನಂಗೆ ರೋಸೋಯ್ತು. ತಿಂದ್ರೆ ತಿನ್ನು ಬುಟ್ರೆ ಬುಡು ಅಂತ ಎದ್ದು ಇತ್ಲಿಗ್ ಬಂದ್ಬುಟ್ಟೆ. ತಿರ್ಗಿ ಓಗೋವೊತ್ಗೆ ಇರ್ಲಿಲ್ಲ. ಇನ್ನ ತಟ್ಟೆ ಮುಂದ್ಗಡೆನೇ ಐತೆ. ಅಂಗ್ ಓಗ್ತಾರೆ ಮನ್ಸ್ರು. ತೊಡೆ ಮ್ಯಾಲ್ ತಲೆ ಮಡುಗ್ತಾಳಂತೆ!"

ಮಾವ ಊಟ ಮಾಡುತ್ತಿದ್ದಾಗ ಹೋದರೆಂದು ಮಾತ್ರ ನನಗೆ ಗೊತ್ತಿತ್ತು. ನಾನು ಈ ಮನೆಗೆ ಬರುವ ಮೊದಲಿನ ಮಾತು ಅದು. ಉಪ್ಪಿನ ಸಂಗತಿಯನ್ನು ಅತ್ತೆ ತಮ್ಮ ಮಗನಿಗೂ ಹೇಳಿರಲಿಲ್ಲ.

ನಾನೇ ಕೇಳಿದೆ: "ಅತ್ತೆ, ರಾಕ್ಷಸಿ ಮಾಡಿದೆ ಅಂತ ಬೇಜಾರಾಯ್ತಾ?"

"ರಾಕ್ಸಸಿ ಅಂದಿದ್ಕಲ್ಲ ಕಣೇ. ಊರೋರ್ಗೆಲ್ಲ ಗೊತ್ತಿತ್ತು. ಬೆಂಗ್ಳೂರಿನ್ ಆ ಉಡ್ಗಿಗ್ ಗೊತ್ತಿತ್ತು. ನಂಗೊಬ್ಳಿಗೇ ಗೊತ್ತಿರ್ಲಿಲ್ಲ. ಪೆದ್ದಿ ತರ ನಗ್ತಾ ಕೂತಿದ್ದೆ." ಕೈ ಒರೆಸಿಕೊಂಡು ಗೋಡೆಗೆ ಒರಗಿದರು. "ಈಗೇನು, ಅವ್ಳು ಸಾಯ್ಲೇಬೇಕಾ?"

"ಸಾಯ್ಲೇಬೇಕಂತೆ."

"ಅಂಗಾರೆ ನನ್ನೆದ್ರಿಗೇ ಸಾಯ್ಸು."

ಅಳಿಸಿ ಮೊದಲಿನಿಂದ ಬರೆಯತೊಡಗಿದೆ, ಅಲ್ಲೇ ಮೆಟ್ಟಿಲ ಮೇಲೆ, ಒಂದೊಂದು ಸಾಲನ್ನೂ ಗಟ್ಟಿಯಾಗಿ ಹೇಳಿಕೊಂಡು. ಕತ್ತಿ ಹೋಯಿತು, ಬೆಳಕು ಹೋಯಿತು. ಹುಡುಗಿ ಗಡಿಯ ಕಲ್ಲಿನ ಹತ್ತಿರ ಒಲೆ ಹೂಡಿ ಮುದ್ದೆ ಮಾಡಿದಳು, ಈ ಸಲ ಸರಿಯಾಗಿ. ಮುದುಕಿ ರಾಕ್ಷಸಿಯ ಮುಂದೆ ತಟ್ಟೆಯಿಟ್ಟಳು. ರಾಕ್ಷಸಿ ಒಂದು ತುತ್ತು ನುಂಗಿ, ಸಾರಿಗೆ ಉಪ್ಪು ಜಾಸ್ತಿಯಾಗಿದೆ, ನಿನ್ನ ಕೈಗಿಷ್ಟು ಎಂದಳು. ಹುಡುಗಿ ಸಿಟ್ಟಾಗಿ ಎದ್ದು ಹೋದಳು. ಅಲ್ಲಿಗೆ ನನ್ನ ಹೆಬ್ಬೆರಳು ನಿಂತಿತು. ಮುಂದಿನ ಸಾಲು ಗೊತ್ತಿತ್ತು, ಬರೆಯಲು ಮನಸ್ಸು ಬರಲಿಲ್ಲ.

"ಯಾಕೇ ನಿಲ್ಸ್ದೆ?" ಎಂದರು ಅತ್ತೆ, ನನ್ನ ಕಡೆ ನೋಡದೆ. "ಬರಿ. ತಿರ್ಗಿ ಬರೋವೊತ್ಗೆ ಇರ್ಲಿಲ್ಲ ಅಂತ ಬರಿ."