ಹೆಸರು ಹೇಳದ ಮದ್ದು

ಕಲ್ಲಿನ ಮೇಲೆ ಕಲ್ಲು ಉಜ್ಜುವ ಸದ್ದು. ಮೊದಲು ಒಣ ಒಣವಾಗಿ, ಯಾರೋ ಚಪ್ಪಲಿ ಎಳೆದುಕೊಂಡು ನಡೆದ ಹಾಗೆ. ಸೊಪ್ಪು ರಸ ಬಿಟ್ಟ ಮೇಲೆ ಮೆತ್ತಗೆ, ನಿಧಾನಕ್ಕೆ. ಉರ್ವದ ನಮ್ಮ ಮನೆಯ ಅಡುಗೆಕೋಣೆಯ ಕಿಟಕಿಯಿಂದ ಬೆಳಗ್ಗೆ ಆರಕ್ಕೆ ಮುಂಚೆಯೇ ಅದು ಕೇಳುತ್ತಿತ್ತು. ಅದು ನಿಂತು ಸ್ವಲ್ಪ ಹೊತ್ತಿಗೆ ಇಗರ್ಜಿಯ ಗಂಟೆ. ಎಷ್ಟೋ ವರ್ಷ ನಮ್ಮ ಮನೆಯಲ್ಲಿ ಅಲಾರಂ ಕ್ಲಾಕಿಗೆ ಕೆಲಸವೇ ಇರಲಿಲ್ಲ.

ಅರೆಯುತ್ತಿದ್ದವರು ಪಕ್ಕದ ಮನೆಯ ಅಕ್ಕ. ನನಗಿಂತ ಆರೇಳು ವರ್ಷ ದೊಡ್ಡವರು. ಅವರು ಕಾಮಾಲೆಗೆ ಮದ್ದು ಕೊಡುತ್ತಿದ್ದರು. ಬೋರ್ಡಿಲ್ಲ, ಏನಿಲ್ಲ. ಕಣ್ಣು ಹಳದಿಯಾದವರು ಯಾರ ಯಾರನ್ನೋ ಕೇಳಿಕೊಂಡು ಫಸ್ಟ್ ಬಸ್ಸಿಗೆ ಬಂದು ಅವರ ಹಲಸಿನ ಮರದ ಬುಡದಲ್ಲಿ ಕೂತಿರುತ್ತಿದ್ದರು. ಮೂರು ಬೆಳಗ್ಗೆ, ಖಾಲಿ ಹೊಟ್ಟೆಗೆ, ದನದ ಹಾಲಿನಲ್ಲಿ ಕಲಸಿದ ಒಂದು ಲಿಂಬೆ ಗಾತ್ರದ ಮದ್ದು. ಅಷ್ಟೆ. ಗುಣವಾದವರು ಒಂದು ತೆಂಗಿನಕಾಯಿ ಇಟ್ಟು ಹೋಗಬೇಕು, ಬೇರೆ ಏನನ್ನೂ ಅವರು ಮುಟ್ಟುತ್ತಿರಲಿಲ್ಲ.

ಅದಕ್ಕೆ ಕಟ್ಟುಪಾಡುಗಳಿದ್ದವು. ಗಿಡ ಕೀಳುವಾಗ ಮತ್ತು ಅರೆಯುವಾಗ ಮಾತಾಡುವ ಹಾಗಿಲ್ಲ. ಕಬ್ಬಿಣ ತಾಗಿಸುವ ಹಾಗಿಲ್ಲ. ಎಲ್ಲಕ್ಕಿಂತ ದೊಡ್ಡದು, ಗಿಡದ ಹೆಸರನ್ನು ಯಾರ ಎದುರೂ ಹೇಳುವಂತಿಲ್ಲ. ಹೇಳಿದರೆ ಆಮೇಲೆ ಮದ್ದು ಹಿಡಿಯುವುದಿಲ್ಲ. ಅಕ್ಕನಿಗೆ ಅವರ ಅತ್ತೆ ಹಾಸಿಗೆ ಹಿಡಿದ ಮೇಲೆ ಕಿವಿಯಲ್ಲಿ ಹೇಳಿ ಕೊಟ್ಟದ್ದು. ಅಕ್ಕನೂ ಹಾಗೆಯೇ ಒಬ್ಬರಿಗೆ, ಒಬ್ಬರಿಗೆ ಮಾತ್ರ, ಹೇಳಿ ಹೋಗಬೇಕು. ಈ ಮಾತೆಲ್ಲ ಅವರು ನನಗೆ ಹೇಳಿದ್ದು ತುಳುವಿನಲ್ಲಿ. ನಾವು ಆಡುತ್ತಿದ್ದದ್ದು ಅದೇ ಭಾಷೆ, ಬರೆಯುವಾಗ ಕನ್ನಡ ಮಾಡಿಕೊಂಡಿದ್ದೇನೆ.

ನಾನು ಕಾನ್ವೆಂಟಿನಲ್ಲಿ ಕಲಿತವಳು, ಆಮೇಲೆ ಕಾನ್ವೆಂಟಿನಲ್ಲೇ ಸೈನ್ಸ್ ಕಲಿಸಿದವಳು. ನಮ್ಮ ಬಾಟನಿ ಸಿಸ್ಟರ್ ವಾರಕ್ಕೊಂದು ಗಿಡ ತರಿಸಿ, ಬ್ಲಾಟಿಂಗ್ ಪೇಪರಿನ ನಡುವೆ ಒತ್ತಿಸಿ, ಅಡಿಯಲ್ಲಿ ಲ್ಯಾಟಿನ್ ಹೆಸರು ಬರೆಸುತ್ತಿದ್ದರು. ಹೆಸರು ಗೊತ್ತಿಲ್ಲದ ಗಿಡ ಕಂಡರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಆ ಕಾಯಿಲೆ ನನಗೂ ಅಂಟಿತ್ತು. ಹಾಗಾಗಿ ಅಕ್ಕನ ಕಟ್ಟುಪಾಡು ಕೇಳಿ ಒಳಗೊಳಗೆ ನಗು ಬರುತ್ತಿತ್ತು. ಮುಖದಲ್ಲಿ ತೋರಿಸುತ್ತಿರಲಿಲ್ಲ, ಅಷ್ಟು ಮ್ಯಾನರ್ಸ್ ಕಲಿತಿದ್ದೆ.

ಒಂದು ಮಳೆಗಾಲದ ಕೊನೆಗೆ ನಮ್ಮವರಿಗೇ ಕಾಮಾಲೆ ಬಂತು. ಅತ್ತಾವರದ ಆಸ್ಪತ್ರೆಯಲ್ಲಿ ಬ್ಲಡ್ ಟೆಸ್ಟ್ ಮಾಡಿಸಿದೆವು. ಡಾಕ್ಟರ್ ಒಳ್ಳೆಯ ಮನುಷ್ಯ. ಇದು ವೈರಸ್ಸಿನದ್ದು, ಇದಕ್ಕೆ ಇಂಥ ಮಾತ್ರೆ ಅಂತ ಇಲ್ಲ, ರೆಸ್ಟ್ ಬೇಕು, ಹೆಚ್ಚಿನವರಿಗೆ ತನ್ನಷ್ಟಕ್ಕೇ ಇಳಿಯುತ್ತದೆ ಎಂದರು. ಹಳ್ಳಿ ಮದ್ದು ಮಾಡಿಕೊಂಡು ಕೂರಬೇಡಿ, ವಾರಕ್ಕೊಮ್ಮೆ ಟೆಸ್ಟ್ ತೋರಿಸಿ ಎಂದೂ ಹೇಳಿದರು. ನಾನು ಅವರು ಹೇಳಿದ್ದನ್ನೂ ಮಾಡಿದೆ, ಅಕ್ಕನ ಹತ್ತಿರವೂ ಹೋದೆ. ಮೂರು ಬೆಳಗ್ಗೆ ಅಕ್ಕ ತಾವೇ ಬಟ್ಟಲು ಹಿಡಿದುಕೊಂಡು ಬಂದರು. ನಮ್ಮವರು ಮೂಗು ಮುಚ್ಚಿ ಕುಡಿದು, ಇದಕ್ಕಿಂತ ಕಾಮಾಲೆಯೇ ರುಚಿ ಎಂದಾಗ ಅಕ್ಕ ನಕ್ಕರು. ಪಥ್ಯ ಮುರಿದು ಉಪ್ಪು, ಎಣ್ಣೆ ಕೊಟ್ಟರೆ ಆಮೇಲೆ ನನ್ನ ಮದ್ದನ್ನು ದೂರಬೇಡಿ ಬಾಯಮ್ಮ ಎಂದು ನನಗೆ ಎಚ್ಚರಿಕೆ ಕೊಟ್ಟರು. ಇಲ್ಲಿ ನಮ್ಮಂಥ ಕ್ರಿಶ್ಚನ್ ಹೆಂಗಸರನ್ನು ಎಲ್ಲರೂ ಕರೆಯುವುದು ಬಾಯಮ್ಮ ಎಂದೇ. ಅಕ್ಕನ ಬಾಯಲ್ಲಿ ಅದು ನನ್ನ ಹೆಸರೇ ಆಗಿಹೋಗಿತ್ತು.

ಹಳದಿ ಇಳಿಯಿತು. ಯಾವುದರಿಂದ ಇಳಿಯಿತೆಂದು ನಾನು ಜಗಳ ಮಾಡುವುದಿಲ್ಲ. ನನಗೆ ನೆನಪಿರುವುದು ಇನ್ನೊಂದು. ಮೂರನೇ ದಿನ ಅವರು ಬಿಟ್ಟುಹೋದ ಬಟ್ಟಲನ್ನು ತೊಳೆಯುವಾಗ ಅಂಚಿಗೆ ಅರೆಯದ ಒಂದು ಎಲೆಯ ಚೂರು ಅಂಟಿಕೊಂಡಿತ್ತು. ಅದನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ನಿಮಿಷ ಬೇಕಾಗಲಿಲ್ಲ. ನಮ್ಮ ಕಂಪೌಂಡಿನ ಬುಡದಲ್ಲಿ ಮಳೆ ಬಿದ್ದರೆ ರಾಶಿ ರಾಶಿ ಹುಟ್ಟುವ, ಒಂದು ಗೇಣು ಎತ್ತರದ ಬಡಪಾಯಿ ಗಿಡ. ಆ ಚೂರನ್ನು ಪ್ರೇಯರ್ ಬುಕ್ಕಿನ ನಡುವೆ ಇಟ್ಟೆ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಹೇಳಿದ್ದು ಸಾಕು.

ಅದಾಗಿ ಕೆಲವು ವರ್ಷಗಳ ಮೇಲೆ, ಒಂದು ಆಟಿ ತಿಂಗಳ ಅಮಾವಾಸ್ಯೆಯ ದಿನ ಅಕ್ಕ ಪ್ರತಿವರ್ಷದ ಹಾಗೆ ಹಾಲೆಮರದ ತೊಗಟೆಯ ಕಷಾಯವನ್ನು ಗ್ಲಾಸಿನಲ್ಲಿ ತಂದರು. ವಿಷದಂಥ ಕಹಿ. ನಾನು ಕುಡಿದು ಬೆಲ್ಲದ ಚೂರು ಬಾಯಿಗೆ ಹಾಕಿಕೊಳ್ಳುವಾಗ ಮೆಟ್ಟಿಲ ಮೇಲೆ ಕೂತು ಮಗಳ ವಿಷಯ ತೆಗೆದರು. ಮಗಳು ಸ್ಟಾಫ್ ನರ್ಸ್. ಈ ಸೊಪ್ಪು, ಕಲ್ಲು ಯಾವುದೂ ತನಗೆ ಬೇಡ, ನಾಳೆ ಯಾರಿಗಾದರೂ ಹೆಚ್ಚುಕಡಿಮೆಯಾದರೆ ತನ್ನ ಕೆಲಸಕ್ಕೇ ಕುತ್ತು ಎಂದುಬಿಟ್ಟಿದ್ದಳಂತೆ. ಅವಳು ಹೇಳುವುದೂ ಸರಿ ಎಂದರು ಅಕ್ಕ. ಗ್ಲಾಸನ್ನು ತಿರುಗಿಸುತ್ತ, ನನ್ನ ಮುಖ ನೋಡದೆ ಹೇಳಿದರು, "ನಿಮ್ಮ ಕೈ ಒಳ್ಳೆದುಂಟು ಬಾಯಮ್ಮ. ನಾನು ಹೋಗುವ ಮೊದಲು ನಿಮಗೇ ಹೇಳಿ ಹೋಗ್ತೇನೆ."

ನಾನು ಎಂಥ ಉತ್ತರ ಕೊಟ್ಟೆ ಎಂದು ನೆನಪಿಲ್ಲ. ನಿಮ್ಮ ಜಾತಿಯವಳಲ್ಲದ ನನಗೆ ಯಾಕೆ ಅಂತ ಕೇಳಿರಬೇಕು. ಮನಸ್ಸಿನಲ್ಲಿ ಮಾತ್ರ, ಪಾಪ, ನನಗೆ ಯಾವಾಗಲೋ ಗೊತ್ತಾಗಿದೆ ಎಂದುಕೊಂಡದ್ದು ಚೆನ್ನಾಗಿ ನೆನಪಿದೆ.

ಅದರ ಮರುವರ್ಷ ನನ್ನ ಹಳೆಯ ಸ್ಟೂಡೆಂಟ್ ಒಬ್ಬಳು ಫೋನ್ ಮಾಡಿದಳು. ವಾಮಂಜೂರಿನ ಕಡೆಯ ಕಾಲೇಜೊಂದರಲ್ಲಿ ಲೆಕ್ಚರರ್ ಆಗಿದ್ದಳು. ಮನೆಮದ್ದುಗಳ ಬಗ್ಗೆ ಹುಡುಗಿಯರಿಂದ ಪ್ರಾಜೆಕ್ಟ್ ಮಾಡಿಸುತ್ತಿದ್ದಳಂತೆ. ನಿಮ್ಮ ಪಕ್ಕದ ಮನೆಯವರನ್ನು ಮಾತಾಡಿಸಬಹುದಾ ಟೀಚರ್ ಎಂದು ಕೇಳಿದಳು. ನಾನೇ ಅಕ್ಕನನ್ನು ಒಪ್ಪಿಸಿದೆ. ಇಬ್ಬರು ಹುಡುಗಿಯರನ್ನು ಕರೆದುಕೊಂಡು ಶನಿವಾರ ಬೆಳಗ್ಗೆ ಬೇಗ ಬಂದಳು. ಆಗಷ್ಟೇ ಅಕ್ಕ ಅರೆದು ಮುಗಿಸಿದ್ದರು. ಮರದ ಬುಡದಲ್ಲಿ ಒಬ್ಬಳು ಹೆಂಗಸು ಎರಡನೇ ದಿನದ ಮದ್ದಿಗೆ ಕಾದಿದ್ದಳು. ಕಣ್ಣು ನಮ್ಮವರದ್ದಕ್ಕಿಂತಲೂ ಹಳದಿ.

ಅಕ್ಕ ಹುಡುಗಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಹೇಳಿದರು. ಕೆಮ್ಮಿಗೆ ಸಾಂಬ್ರಾಣಿ ಸೊಪ್ಪನ್ನು ಬಾಡಿಸಿ ಹಿಂಡುವುದು, ಪಿತ್ತಕ್ಕೆ ಪುನರ್ಪುಳಿಯ ನೀರು, ಬಾಣಂತಿಯರ ಲೇಹ. ಹುಡುಗಿಯರು ಬರೆದುಕೊಂಡರು, ಫೋನಿನಲ್ಲಿ ಫೋಟೋ ತೆಗೆದರು. ಕೊನೆಗೆ ಕಾಮಾಲೆಯ ಮದ್ದಿನ ಹೆಸರು ಕೇಳಿದಾಗ ಅಕ್ಕ ನಗುತ್ತಲೇ, "ಅದು ಹೇಳುವ ಮದ್ದಲ್ಲ ಮಗಾ" ಎಂದರು. ಹುಡುಗಿಯರ ಮುಖ ಸಣ್ಣದಾಯಿತು. ಅದೇ ಅವರಿಗೆ ಬೇಕಾಗಿದ್ದದ್ದು. ಲೆಕ್ಚರರ್ ನನ್ನ ಕಡೆ ತಿರುಗಿ, "ಟೀಚರ್, ನಿಮಗೆ ಗೊತ್ತಿರಲೇಬೇಕಲ್ಲ?" ಎಂದಳು.

ರಿಟೈರ್ ಆಗಿ ಹದಿನೈದು ವರ್ಷವಾಗಿತ್ತು. ಅಷ್ಟರಲ್ಲಿ ಯಾರೂ ನನ್ನನ್ನು ಅಂಥ ಪ್ರಶ್ನೆ ಕೇಳಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿಬಿಟ್ಟೆ. ಮೊದಲು ಲ್ಯಾಟಿನ್, ಆಮೇಲೆ ಕನ್ನಡ, ಹುಡುಗಿಯರಿಗೆ ಅರ್ಥವಾಗಲಿ ಅಂತ ತುಳು. ಒಬ್ಬಳಿಗೆ ಸ್ಪೆಲ್ಲಿಂಗ್ ಕೂಡ ಹೇಳಿದೆ. ಫ್ಯಾಮಿಲಿ ಯಾವುದು ಎಂದು ಹೇಳುವಷ್ಟರಲ್ಲಿ ಅಕ್ಕನ ಕಡೆ ನೋಡಿದೆ.

ಅವರು ಎದ್ದು ಹೋಗಿ ಅರೆದಿಟ್ಟ ಮದ್ದನ್ನು ಬಟ್ಟಲ ಸಮೇತ ತೆಂಗಿನ ಬುಡಕ್ಕೆ ಚೆಲ್ಲಿದರು. ಕಲ್ಲಿಗೆ ಎರಡು ಚೊಂಬು ನೀರು ಹೊಯ್ದು ತೊಳೆದು ಕವುಚಿ ಹಾಕಿದರು. ಮರದ ಬುಡದ ಹೆಂಗಸಿಗೆ ಇವತ್ತು ಮದ್ದಿಲ್ಲ, ಆಸ್ಪತ್ರೆಗೆ ಹೋಗು ಎಂದರು. ಅವಳು ನಾನೆಂತ ತಪ್ಪು ಮಾಡಿದೆ ಅಕ್ಕಾ ಎಂದು ಅಳುವುದಕ್ಕೆ ಶುರು ಮಾಡಿದಳು. ನಿನ್ನ ತಪ್ಪಲ್ಲ ಮಗಾ ಎಂದು ಬೆನ್ನು ಸವರಿ, ಬಸ್ ಸ್ಟಾಪಿನ ತನಕ ತಾವೇ ಕರೆದುಕೊಂಡು ಹೋದರು. ಅವಳು ಆಸ್ಪತ್ರೆ ಸೇರಿ ಗುಣವಾದಳೆಂದು ಆಮೇಲೆ ಕೇಳಿದೆ. ಅದು ಕೇಳುವ ತನಕ ನನಗೆ ಊಟ ಸೇರಲಿಲ್ಲ.

ಸಂಜೆ ನಮ್ಮವರಿಗೆ ಹೇಳಿದಾಗ ಪೇಪರಿನಿಂದ ತಲೆ ಎತ್ತದೆ, "ಅಂತೂ ನಿನಗೆ ಫಸ್ಟ್ ಪ್ರೈಜ್ ಬಂತಲ್ಲ" ಎಂದರು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವರು ಅಷ್ಟು ಕಟುವಾಗಿ ಮಾತಾಡಿದ್ದು ಅದೊಂದೇ ಸಲ. ತಿಂಗಳ ನಂತರ ಪ್ರಾಜೆಕ್ಟಿನ ಒಂದು ಕಾಪಿ ಬಂತು. ಆ ಗಿಡದ ಹೆಸರು ಒಂದು ಟೇಬಲ್ಲಿನಲ್ಲಿ ಸಾಂಬ್ರಾಣಿಯ ಕೆಳಗೆ, ಶುಂಠಿಯ ಮೇಲೆ ಇತ್ತು. ಕೊನೆಯ ಪುಟದಲ್ಲಿ ನನಗೆ ಥ್ಯಾಂಕ್ಸ್ ಹೇಳಿದ್ದರು. ಅಕ್ಕನ ಬಗ್ಗೆ 'ಸ್ಥಳೀಯ ಮಹಿಳೆಯೊಬ್ಬರು' ಎಂದಿತ್ತು.

ಕಲ್ಲಿನ ಸದ್ದು ಮತ್ತೆ ಬರಲಿಲ್ಲ. ಜನ ಬರುತ್ತಲೇ ಇದ್ದರು, ಅಕ್ಕ ಗೇಟಿನಲ್ಲೇ ನಿಂತು ಆಸ್ಪತ್ರೆಗೆ ಹೋಗಿ ಎನ್ನುತ್ತಿದ್ದರು. ಕ್ರಮೇಣ ಜನ ಬರುವುದೂ ನಿಂತಿತು. ನನ್ನ ಜೊತೆ ಅಕ್ಕ ಮಾತು ಬಿಡಲಿಲ್ಲ, ಅದೇ ಕಷ್ಟವಾಗಿತ್ತು. ಮೀನಿನವಳು ಬಂದರೆ ಕೂಗಿ ಕರೆಯುತ್ತಿದ್ದರು, ಆಟಿಯಲ್ಲಿ ಕಷಾಯ ತರುತ್ತಿದ್ದರು. ಆದರೆ ಮೆಟ್ಟಿಲ ಮೇಲೆ ಕೂರುತ್ತಿರಲಿಲ್ಲ. ಆ ದಿನದ ಮಾತನ್ನು ಎತ್ತಲು ನಾನು ಎಷ್ಟೋ ಸಲ ಹೋದೆ. ಪ್ರತಿ ಸಲ ಕರಿಬೇವು ಕೇಳಿಕೊಂಡು ವಾಪಸು ಬಂದೆ.

ಆಮೇಲೆ ನಮ್ಮವರು ತೀರಿಕೊಂಡರು. ಅಕ್ಕ ಬಾತ್‌ರೂಮಿನಲ್ಲಿ ಬಿದ್ದು ಸೊಂಟ ಮುರಿದುಕೊಂಡರು, ಮಗಳು ಅತ್ತಾವರದ ಫ್ಲ್ಯಾಟಿಗೆ ಕರೆದುಕೊಂಡು ಹೋದಳು. ಹೋದ ವರ್ಷ ಮಳೆ ಬಿಟ್ಟ ಮೇಲೆ, ಅಮ್ಮನಿಗೆ ಅಷ್ಟೇನೂ ಒಳ್ಳೆಯದಿಲ್ಲ, ಒಮ್ಮೆ ಬಂದು ಹೋಗಿ ಎಂದು ಮಗಳು ಫೋನ್ ಮಾಡಿದಳು.

ಹೋಗುವ ದಿನ ಬೆಳಗ್ಗೆ ಆರಕ್ಕೆ ಮುಂಚೆ ಎದ್ದು, ಯಾರ ಹತ್ತಿರವೂ ಮಾತಾಡದೆ, ಅಕ್ಕನ ಖಾಲಿ ಅಂಗಳಕ್ಕೆ ಹೋದೆ. ಗಿಡ ಬೇಕಾದಷ್ಟಿತ್ತು. ಒಂದನ್ನು ಕಿತ್ತೆ, ಒದ್ದೆ ಕರ್ಚೀಫಿನಲ್ಲಿ ಸುತ್ತಿದೆ, ಸಿಟಿ ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ಹೋದೆ.

ಅಕ್ಕ ಬಾಲ್ಕನಿಯ ಗ್ರಿಲ್ಲಿನ ಹತ್ತಿರ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ತುಂಬ ಇಳಿದಿದ್ದರು. ಮಗಳು ಚಾ ಮಾಡಲು ಒಳಗೆ ಹೋದಾಗ ಕರ್ಚೀಫನ್ನು ಅವರ ಅಂಗೈಯಲ್ಲಿ ಬಿಡಿಸಿದೆ. ಅವರು ಉಗುರಿನಿಂದ ಎಲೆಯನ್ನು ಮಗುಚಿ ನೋಡಿದರು, ದಂಟನ್ನು ನೋಡಿದರು, ಕೊನೆಗೆ ಬುಡ.

"ಬೇರು ಅಲ್ಲೇ ಉಳಿದಿದೆ."

"ಮಣ್ಣು ಗಟ್ಟಿ ಉಂಟು ಅಕ್ಕ."

"ಹಿಂದಿನ ಸಂಜೆ ಬುಡಕ್ಕೆ ನೀರು ಹಾಕಿ ಬರಬೇಕು. ನಾಳೆ ಬರ್ತೇನೆ ಅಂತ ಹೇಳಿ ಬರಬೇಕು."

"ಯಾರಿಗೆ ಹೇಳುವುದು?"

"ಗಿಡಕ್ಕೆ, ಮತ್ಯಾರಿಗೆ?"

ಅವರ ಧ್ವನಿ ಹಳೆಯ ಅಕ್ಕನದ್ದೇ ಆಗಿತ್ತು. ನಾನು ಕುರ್ಚಿ ಹತ್ತಿರ ಎಳೆದುಕೊಂಡೆ. ಉಳಿದದ್ದನ್ನೂ ಹೇಳಿ ಎಂದು ಕೇಳಿಯೇಬಿಟ್ಟೆ.

"ಇನ್ನು ಎಂತಕ್ಕೆ ಬಾಯಮ್ಮ" ಎಂದರು. "ಅದು ಈಗ ಬರೀ ಸೊಪ್ಪು."

ಗಿಡವನ್ನು ಕರ್ಚೀಫಿನಲ್ಲಿ ಮೊದಲಿನ ಹಾಗೆಯೇ ಮಡಿಚಿ ನನ್ನ ಕೈಗೆ ಕೊಟ್ಟರು. ನಾನು ಸಾರಿ ಅಂದೆ. ಅಷ್ಟು ವರ್ಷ ಕಾದು ಬಾಯಿಗೆ ಬಂದದ್ದು ಅದೊಂದು ಶಬ್ದ, ಬಸ್ಸಿನಲ್ಲಿ ಯಾರಿಗೋ ಮೈ ತಾಗಿದಾಗ ಹೇಳುವ ಹಾಗೆ. ಅವರು ನನ್ನ ಮೊಣಕೈ ತಟ್ಟಿ, ಚಾ ಆರುತ್ತದೆ, ಕುಡಿಯಿರಿ ಎಂದರು.

ಕೆಳಗಿಳಿದು ರಸ್ತೆಯ ಆಚೆ ಬದಿಯಲ್ಲಿ ಆಟೋ ಹಿಡಿಯುವ ಮೊದಲು ತಲೆ ಎತ್ತಿ ನೋಡಿದೆ. ಅಕ್ಕ ಗ್ರಿಲ್ಲಿನ ಹಿಂದೆ ಹಾಗೆಯೇ ಕೂತಿದ್ದರು. ನಾನು ಕೈ ಬೀಸಿದ್ದು ಅವರಿಗೆ ಕಾಣಲಿಲ್ಲ. ಎಲೆ ಮುಟ್ಟಿದ ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದುಕೊಂಡು ಕಣ್ಣು ಮುಚ್ಚಿದ್ದರು. ಮಗಳು ಬಂದು, ಊಟಕ್ಕೆ ಕೈ ತೊಳೆಸಲಿಕ್ಕಿರಬೇಕು, ಅವರನ್ನು ಮೆಲ್ಲಗೆ ಎಬ್ಬಿಸಿ ಒಳಗೆ ಕರೆದುಕೊಂಡು ಹೋದಳು.